ತರಬೇತಿಗೆ ಮೊದಲು ಸನ್ನಿವೇಶ ಬರೆಯುವುದು ಹೇಗೆ

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಡೇರಿಯ ಮುಂದೆ ಬೆಳಿಗ್ಗೆ ಆರೂಕಾಲಿಗೆ ನಿಂತಿದ್ದಾಗ, ನಾನು ರೂಪಿಸಿದ್ದ ಎರಡು ದಿನದ ತರಬೇತಿ ಎಲ್ಲಿ ಸೋತಿತ್ತೆಂಬುದು ನನಗೆ ಮೊದಲ ಬಾರಿ ಕಣ್ಣಿಗೆ ಕಂಡಿತು. ಹಾಲು ಪರೀಕ್ಷಕರಿಗಾಗಿ ಸಿದ್ಧಪಡಿಸಿದ್ದ ಆ ತರಬೇತಿಯಲ್ಲಿ ಅರವತ್ತಕ್ಕೂ ಹೆಚ್ಚು ಸ್ಲೈಡುಗಳಿದ್ದವು. ಹಾಲಿನ ಸಂಯೋಜನೆಯಿಂದ ಆರಂಭಿಸಿ, ಜಿಡ್ಡು ಮತ್ತು ಜಿಡ್ಡೇತರ ಘನಾಂಶಗಳು, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ತತ್ತ್ವ, ಕಲಬೆರಕೆಯ ಬಗೆಗಳು, ಶುಚಿತ್ವ ಎಂದು ಅಧ್ಯಾಯಗಳನ್ನು ಕ್ರಮವಾಗಿ ಜೋಡಿಸಿದ್ದೆ. ಕೊನೆಯ ಲಿಖಿತ ಪರೀಕ್ಷೆಯಲ್ಲಿ ಬಹುತೇಕ ಎಲ್ಲರೂ ಒಳ್ಳೆಯ ಅಂಕ ತೆಗೆದಿದ್ದರು. ಮೂರು ವಾರದ ನಂತರ ಆ ಡೇರಿಯಲ್ಲಿ, ಅದೇ ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದ್ದ ಒಬ್ಬ ಪರೀಕ್ಷಕಿ ಕ್ಯಾನಿನ ಹಾಲನ್ನು ಕಲಕದೆ, ಮೇಲಿನಿಂದ ನೊರೆಯ ಸಮೇತ ಮಾದರಿ ತೆಗೆದು ಪರೀಕ್ಷಿಸುತ್ತಿದ್ದರು. ಜನ ಕರಗಿದ ಮೇಲೆ ಮೆಲ್ಲಗೆ ಕೇಳಿದೆ. “ಕಲಕಬೇಕು ಅಂತ ಗೊತ್ತು ಸಾರ್. ಆದರೆ ಸಾಲು ನೋಡಿದ್ರಲ್ಲ, ಆರೂವರೆಗೆ ಹಾಲಿನ ಗಾಡಿ ಬರುತ್ತೆ” ಎಂದರು.

ಆಕೆಗೆ ಗೊತ್ತಿತ್ತು. ಗೊತ್ತಿರುವುದನ್ನು, ಹಿಂದೆ ಇಪ್ಪತ್ತು ಜನ ಕ್ಯಾನು ಹಿಡಿದು ನಿಂತಿರುವಾಗ, ಗಾಡಿಯ ಹಾರ್ನ್ ಕೇಳಿಸುವ ಹೊತ್ತಿನಲ್ಲಿ ಹೇಗೆ ಮಾಡಬೇಕೆಂಬುದನ್ನು ನಾನು ಕಲಿಸಿರಲಿಲ್ಲ. ಆ ಹೊತ್ತು ನನ್ನ ಅರವತ್ತು ಸ್ಲೈಡುಗಳಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿಂದೀಚೆಗೆ ಯಾವ ತರಬೇತಿಯನ್ನೇ ರೂಪಿಸಲಿ, ಪಾಠ ಬರೆಯುವ ಮೊದಲು ಸನ್ನಿವೇಶ ಬರೆಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಶಿಕ್ಷಕರು, ಇಲಾಖೆಗಳ ಸಂಪನ್ಮೂಲ ವ್ಯಕ್ತಿಗಳು, ಸಹಕಾರ ಸಂಘಗಳಿಗೆ ಮತ್ತು ಸ್ತ್ರೀಶಕ್ತಿ ಗುಂಪುಗಳಿಗೆ ತರಬೇತಿ ಕೊಡುವವರು ಇದನ್ನು ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಸನ್ನಿವೇಶ ಎಂದರೆ ಯಾವುದು

ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಹೊತ್ತು, ಆ ಹೊತ್ತಿನ ಒತ್ತಡ, ಏನನ್ನಾದರೂ ನಿರ್ಧರಿಸಲೇಬೇಕಾದ ಒಂದು ಘಳಿಗೆ ಮತ್ತು ಆ ನಿರ್ಧಾರದಿಂದ ಆಗುವ ಪರಿಣಾಮ, ಇಷ್ಟೂ ಇರುವ ಸಣ್ಣ ಬರಹವೇ ಸನ್ನಿವೇಶ. ಇದನ್ನು ಉದಾಹರಣೆಯೊಂದಿಗೆ ಬೆರೆಸಬಾರದು. ಉದಾಹರಣೆ ನಿಯಮದ ಬೆನ್ನಿಗೆ ಬಂದು ಅದನ್ನು ಸಮರ್ಥಿಸುತ್ತದೆ. ಸನ್ನಿವೇಶ ನಿಯಮಕ್ಕಿಂತ ಮೊದಲೇ ಬಂದು, ಆ ನಿಯಮ ಯಾಕೆ ಬೇಕೆಂಬ ಪ್ರಶ್ನೆಯನ್ನು ಕಲಿಯುವವರ ಮನಸ್ಸಿನಲ್ಲಿ ಎಬ್ಬಿಸುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ತನ್ನ ಮೊದಲ ವಿದ್ಯಾರ್ಥಿಗಳಿಗೆ ಉಪನ್ಯಾಸಗಳ ಬದಲು ರೋಗಿಗಳ ಸಮಸ್ಯೆಗಳನ್ನೇ ಮುಂದಿಟ್ಟು ಕಲಿಸಲು ಹೊರಟದ್ದು ಇದೇ ಕಾರಣಕ್ಕೆ.

ಸನ್ನಿವೇಶಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ತರಬೇತಿ ರೂಪಿಸುವವರು ತಮಗಾಗಿಯೇ ಬರೆದುಕೊಳ್ಳುವಂಥದ್ದು: ಕಲಿಯುವವರು ಎಲ್ಲಿಂದ ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಕೈಪಿಡಿಯನ್ನು ಎಲ್ಲಿ ಕುಳಿತು ಓದುತ್ತಾರೆ, ಕಲಿತದ್ದನ್ನು ಯಾರ ಎದುರಿಗೆ ಬಳಸುತ್ತಾರೆ ಎಂಬುದರ ಚಿತ್ರಣ. ಎರಡನೆಯದು ಶಿಬಿರಾರ್ಥಿಗಳ ಕೈಗೆ ಕೊಟ್ಟು ಚರ್ಚಿಸಲು ಹಚ್ಚುವಂಥದ್ದು. ಎರಡನೆಯದನ್ನು ಎಲ್ಲರೂ ಬರೆಯುತ್ತಾರೆ, ಮೊದಲನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ತರಬೇತಿಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ.

ನನ್ನದೇ ತರಬೇತಿಯನ್ನು ನೋಡಿ. ವೇಳಾಪಟ್ಟಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇತ್ತು. ಮುಂದಿನ ಬಾರಿಗೆ ತಯಾರಾಗುವಾಗ ಒಂದು ಹಾಳೆಯಲ್ಲಿ ಹೀಗೆ ಬರೆದುಕೊಂಡೆ: “ಪರೀಕ್ಷಕಿಯ ಊರು ಬಾಗೇಪಲ್ಲಿಯಿಂದಾಚೆ. ಬೆಳಗಿನ ಹಾಲಿನ ಗಾಡಿ ಕಳಿಸಿ, ಪಾತ್ರೆ ತೊಳೆದು, ಮನೆಯ ಅಡುಗೆ ಮುಗಿಸಿ ಬಸ್ಸು ಹತ್ತುವಾಗ ಒಂಬತ್ತು. ತರಬೇತಿ ಕೇಂದ್ರ ತಲುಪುವಾಗ ಹನ್ನೊಂದು. ಸಂಜೆಯ ಹಾಲು ಐದಕ್ಕೆ ಶುರು, ಆದ್ದರಿಂದ ಮೂರಕ್ಕೆಲ್ಲ ಹೊರಡಲೇಬೇಕು.” ಐದೇ ಸಾಲು. ನನ್ನ ಹಳೆಯ ವೇಳಾಪಟ್ಟಿಯಲ್ಲಿ ಕೈಯಾರೆ ಪರೀಕ್ಷೆ ಮಾಡಿಸುವ ಅಭ್ಯಾಸ ಮೂರೂವರೆಗೆ ಇತ್ತು. ಯಾರಿಗಾಗಿ ಅದನ್ನು ಇಟ್ಟಿದ್ದೆನೋ ಅವರು ಆ ಹೊತ್ತಿಗೆ ಬಸ್ ನಿಲ್ದಾಣದಲ್ಲಿರುತ್ತಾರೆ. ಕುಳಿತಿರುವವರೂ ಅರ್ಧ ಎದ್ದೇ ಇರುತ್ತಾರೆ. ಅಭ್ಯಾಸವನ್ನು ಹನ್ನೊಂದೂವರೆಗೆ ತಂದು, ವಿವರಣೆಯನ್ನು ಊಟದ ನಂತರಕ್ಕೆ ತಳ್ಳಿದೆ. ಇಷ್ಟನ್ನು ತಿಳಿಯಲು ಯಾವ ಶಿಕ್ಷಣಶಾಸ್ತ್ರವೂ ಬೇಕಿರಲಿಲ್ಲ.

ಘಟನೆ ಕೇಳಿ, ಅಭಿಪ್ರಾಯ ಕೇಳಬೇಡಿ

ಸನ್ನಿವೇಶವನ್ನು ಮೇಜಿನ ಮುಂದೆ ಕುಳಿತು ಹೊಸೆಯಲು ಹೋದರೆ ಅದು ನೀತಿಕಥೆಯಾಗುತ್ತದೆ. ಸಾಮಗ್ರಿಯನ್ನು ಕೆಲಸ ನಡೆಯುವ ಜಾಗದಿಂದಲೇ ತರಬೇಕು, ಮತ್ತು ತರುವ ಕ್ರಮವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ವಾಯುಪಡೆಗಾಗಿ ನಡೆಸಿದ ಅಧ್ಯಯನಗಳ ಅನುಭವದಿಂದ ರೂಪಿಸಿ, 1954ರಲ್ಲಿ ವಿವರವಾಗಿ ಪ್ರಕಟಿಸಿದ ವಿಧಾನ ಇಂದಿಗೂ ಉಪಯುಕ್ತವಾಗಿದೆ. ಕೆಲಸ ಚೆನ್ನಾಗಿ ಮಾಡಲು ಏನು ಬೇಕೆಂದು ಜನರ ಅಭಿಪ್ರಾಯ ಕೇಳುವ ಬದಲು, ಕೆಲಸ ಕೆಟ್ಟ ಅಥವಾ ಗೆದ್ದ ಒಂದು ನಿರ್ದಿಷ್ಟ ಘಟನೆಯನ್ನು ಹೇಳಿಸಿ, ಆಗ ಯಾರು ಏನು ಮಾಡಿದರೆಂಬುದನ್ನು ದಾಖಲಿಸುವುದು ಅದರ ತಿರುಳು.

“ನಿಮ್ಮ ಸಮಸ್ಯೆಗಳೇನು?” ಎಂದು ಕೇಳಿದರೆ ಡೇರಿಯ ಕಾರ್ಯದರ್ಶಿ “ಏನೂ ಇಲ್ಲ ಸಾರ್, ಎಲ್ಲ ಚೆನ್ನಾಗಿದೆ” ಎನ್ನುತ್ತಾರೆ, ಇಲ್ಲವೇ ಪಶು ಆಹಾರದ ಬೆಲೆಯ ಮಾತು ಬರುತ್ತದೆ. “ಕಳೆದ ಸಲ ಯಾರದಾದರೂ ಹಾಲು ವಾಪಸ್ ಕಳಿಸಿದ್ದು ಯಾವಾಗ? ಅವತ್ತು ಬೆಳಿಗ್ಗೆಯೋ ಸಂಜೆಯೋ? ಅವರು ಏನಂದರು? ನೀವು ಏನಂದಿರಿ?” ಎಂದು ಕೇಳಿದರೆ ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ. ಸಂಘದ ಅಧ್ಯಕ್ಷರು ಪಕ್ಕದಲ್ಲಿ ಕುಳಿತಿರುವಾಗ ಇದನ್ನು ಕೇಳಬಾರದು. ಬರೆದುಕೊಳ್ಳುವ ಪುಸ್ತಕವನ್ನು ಮೊದಲ ಹತ್ತು ನಿಮಿಷ ಚೀಲದಲ್ಲೇ ಇಡುವುದು ಒಳ್ಳೆಯದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಸುಮ್ಮನೆ ನಿಂತು ನೋಡುವುದಂತೂ ಕಡ್ಡಾಯ, ಏಕೆಂದರೆ ಜನ ಹೇಳುವಾಗ ಬಿಟ್ಟುಬಿಡುವ ವಿಷಯಗಳು ಅವರಿಗೆ ಅಭ್ಯಾಸವಾಗಿ ಕಾಣಿಸದೇ ಹೋದವುಗಳೇ ಆಗಿರುತ್ತವೆ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು ಕಡೆಗಳಲ್ಲಿ ಮನೆಮಾತು ತೆಲುಗಾಗಿರುವ ಕುಟುಂಬಗಳು ಹೇರಳವಾಗಿವೆ. ಅವರು ಲೆಕ್ಕದ ಪುಸ್ತಕವನ್ನು ಕನ್ನಡದಲ್ಲಿ ಬರೆಯುತ್ತಾರೆ, ಜಗಳವನ್ನು ತೆಲುಗಿನಲ್ಲಿ ಆಡುತ್ತಾರೆ. ಕೈಪಿಡಿಯನ್ನು ಕನ್ನಡದಲ್ಲಿ ಬರೆದರೂ, ಸನ್ನಿವೇಶದ ಸಂಭಾಷಣೆಯನ್ನು ಅಭಿನಯಿಸುವಾಗ ಅವರಿಗೆ ಬಂದ ಭಾಷೆಯಲ್ಲಿ ಆಡಲು ಬಿಡಬೇಕು. ಶುದ್ಧ ಕನ್ನಡದಲ್ಲಿಯೇ ಆಡಿಸಲು ಹೋದರೆ ಅಭ್ಯಾಸ ಶಾಲೆಯ ನಾಟಕವಾಗುತ್ತದೆ.

ಒಂದು ಸನ್ನಿವೇಶ, ಪೂರ್ತಿಯಾಗಿ

ಸಂಗ್ರಹಿಸಿದ ಘಟನೆಗಳಿಂದ ನಾನು ಕಟ್ಟಿದ ಒಂದು ಸನ್ನಿವೇಶವನ್ನು ಇಡಿಯಾಗಿ ಕೊಡುತ್ತೇನೆ:

“ಬೆಳಿಗ್ಗೆ ಆರು ಇಪ್ಪತ್ತು. ಗಾಡಿ ಬರಲು ಹತ್ತು ನಿಮಿಷವಿದೆ, ಸಾಲಿನಲ್ಲಿ ಇನ್ನೂ ಹನ್ನೆರಡು ಜನ. ನಿಮ್ಮ ದೊಡ್ಡಪ್ಪ ಆರು ಲೀಟರ್ ಹಾಲು ತಂದಿದ್ದಾರೆ. ಲ್ಯಾಕ್ಟೋಮೀಟರ್ 29 ತೋರಿಸುತ್ತಿದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಜಿಡ್ಡು 2.4 ಬಂದಿದೆ, ಅವರ ಹಾಲು ದಿನವೂ 3.8ರ ಆಸುಪಾಸಿನಲ್ಲಿರುತ್ತದೆ. ದೊಡ್ಡಪ್ಪ ‘ಏನಮ್ಮ, ಇವತ್ತು ನಿನ್ನ ಮಿಷನ್ನಿಗೆ ಏನಾಗಿದೆ? ದಿನಾ ಬರೋದೇ ಬರಕೋ’ ಎನ್ನುತ್ತಾರೆ. ಹಿಂದಿರುವವರು ಕಿವಿಗೊಟ್ಟು ಕೇಳುತ್ತಿದ್ದಾರೆ. ನೀವೇನು ಮಾಡುತ್ತೀರಿ?”

ಇದರೊಳಗೆ ಅಡಗಿರುವ ವಿಷಯ ಎಷ್ಟೆಂದು ಗಮನಿಸಿ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರಿನ ಅಂಕಿ ಇಳಿಯುತ್ತದೆ. ಕೆನೆ ತೆಗೆದರೆ ಅದೇ ಅಂಕಿ ಏರುತ್ತದೆ. ಎರಡನ್ನೂ ಮಾಡಿದರೆ ಅಂಕಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಪಾಠವನ್ನು ಚೆನ್ನಾಗಿ ಓದಿದವರಿಗೆ ಮೊದಲು ಬರುವ ಅನುಮಾನ ಮೋಸದ್ದೇ. ಆದರೆ ಬೇರೆ ಕಾರಣಗಳೂ ಇರಬಹುದು. ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಆ ದಿನ ಕೊನೆಯ ಹಾಲನ್ನು ಕರುವಿಗೆ ಬಿಟ್ಟಿದ್ದರೆ ಕ್ಯಾನಿಗೆ ಬಂದ ಹಾಲಿನಲ್ಲಿ ಜಿಡ್ಡು ಇಳಿದೇ ಇರುತ್ತದೆ, ಯಾರೂ ಮೋಸ ಮಾಡಿರುವುದಿಲ್ಲ. ನಿಂತ ಹಾಲಿನಲ್ಲಿ ಕೆನೆ ಮೇಲೇರುವುದರಿಂದ, ಕಲಕದೆ ಮಾದರಿ ತೆಗೆದರೆ ಅಂಕಿ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು.

ಈಗ ಆಯ್ಕೆಗಳು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಒಂದು ಸರಿಯುತ್ತರದ ಸುತ್ತ ಮೂರು ಮೂರ್ಖ ಉತ್ತರಗಳನ್ನು ಇಡುವುದು. ಪ್ರತಿಯೊಂದು ಆಯ್ಕೆಯೂ, ಒಬ್ಬ ಬುದ್ಧಿವಂತ ಮನುಷ್ಯ ಆ ಹೊತ್ತಿನಲ್ಲಿ ನಿಜವಾಗಿ ಮಾಡಿಬಿಡಬಹುದಾದಂಥದ್ದಾಗಿರಬೇಕು. ದಿನವೂ ಬರುವ ಅಂಕಿಯನ್ನೇ ಬರೆದು ಸಾಲನ್ನು ಮುಂದೆ ಕಳಿಸುವುದು ಒಂದು. ಎಲ್ಲರೆದುರು ಹಾಲು ಬೇಡವೆಂದು ಹೇಳಿ ಪ್ರಾಮಾಣಿಕತೆ ತೋರಿಸುವುದು ಇನ್ನೊಂದು. ಕಾರ್ಯದರ್ಶಿ ಬರುವವರೆಗೆ ಕ್ಯಾನನ್ನು ಬದಿಗಿಡುವುದು ಮತ್ತೊಂದು. ಹಾಲನ್ನು ಚೆನ್ನಾಗಿ ಕಲಕಿ, ನೊರೆ ಇಳಿಯಲು ಬಿಟ್ಟು, ಅವರ ಕಣ್ಣೆದುರೇ ಇನ್ನೊಮ್ಮೆ ಪರೀಕ್ಷಿಸಿ, ಬಂದದ್ದನ್ನೇ ಬರೆದು, ಕರುವಿನ ವಿಷಯ ವಿಚಾರಿಸುವುದು ಕೊನೆಯದು. ಆದರೆ ಕೊನೆಯದಕ್ಕೆ ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಗಾಡಿಯವನು ಹಾರ್ನ್ ಹೊಡೆಯುತ್ತಾನೆ. ಈ ಬೆಲೆಯನ್ನು ಮುಚ್ಚಿಡಬಾರದು.

ಉತ್ತರಕ್ಕೆ ‘ಸರಿ’, ‘ತಪ್ಪು’ ಎಂದು ಗುರುತು ಹಾಕುವ ಬದಲು, ಮುಂದೇನಾಯಿತೆಂದು ತಿಳಿಸಬೇಕು. ದಿನದ ಅಂಕಿಯನ್ನೇ ಬರೆದರೆ, ಸಂಘದ ಒಟ್ಟು ಹಾಲನ್ನು ಶೀತಲ ಕೇಂದ್ರದಲ್ಲಿ ಪರೀಕ್ಷಿಸಿದಾಗ ಬರುವ ಅಂಕಿ ಪುಸ್ತಕದ ಅಂಕಿಗಿಂತ ಇಳಿಯುತ್ತದೆ, ಆ ವ್ಯತ್ಯಾಸದ ನಷ್ಟ ಸಂಘದ ಮೇಲೆ ಬೀಳುತ್ತದೆ, ಬಟವಾಡೆಯ ದಿನ ಲೆಕ್ಕ ಕೇಳುವವರು ಪರೀಕ್ಷಕಿಯನ್ನೇ ಕೇಳುತ್ತಾರೆ. ಎಲ್ಲರೆದುರು ಹಾಲು ವಾಪಸ್ ಕಳಿಸಿದರೆ, ದೊಡ್ಡಪ್ಪ ಮಾರನೆಯ ದಿನದಿಂದ ಖಾಸಗಿ ಡೇರಿಯ ಗಾಡಿಗೆ ಹಾಲು ಹಾಕುತ್ತಾರೆ. ಕರು ಕುಡಿದದ್ದೇ ಕಾರಣವಾಗಿತ್ತೆಂದು ಸಂಜೆಗೆ ಗೊತ್ತಾದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಸನ್ನಿವೇಶದಿಂದ ಪಾಠಕ್ಕೆ

ಸನ್ನಿವೇಶ ಸಿದ್ಧವಾದ ಮೇಲೆ ಹಳೆಯ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸ್ಲೈಡಿಗೂ ಒಂದೇ ಪ್ರಶ್ನೆ ಹಾಕಬೇಕು: ಇದು ಆರು ಇಪ್ಪತ್ತರ ಆ ನಿರ್ಧಾರಕ್ಕೆ ನೆರವಾಗುತ್ತದೆಯೇ? ಈ ಪ್ರಶ್ನೆಗೆ ನಿಂತು ಉತ್ತರ ಕೊಡಲಾಗದ ಸ್ಲೈಡುಗಳನ್ನು ತೆಗೆಯುವುದು ಮನಸ್ಸಿಗೆ ಕಷ್ಟದ ಕೆಲಸ, ಅದರಲ್ಲೂ ಚಿತ್ರ ಹುಡುಕಿ ಚೆಂದವಾಗಿ ಮಾಡಿದ್ದನ್ನು. ನನ್ನ ಅರವತ್ತರಲ್ಲಿ ಹದಿನಾಲ್ಕು ಉಳಿದವು. ಹಾಲಿನ ಸಂಯೋಜನೆಯ ಒಂದು ಗಂಟೆಯ ಪಾಠ ಅರ್ಧ ಪುಟಕ್ಕೆ ಇಳಿದು, ದೊಡ್ಡಪ್ಪನ ಹಾಲಿನ ಚರ್ಚೆಯ ನಂತರಕ್ಕೆ ಹೋಯಿತು. ಆಗ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಬೇರೆಬೇರೆಯಾಗಿ ಏಕೆ ವರ್ತಿಸುತ್ತವೆಂದು ಶಿಬಿರಾರ್ಥಿಗಳೇ ಕೇಳಿದರು. ಕಲಕುವ, ಮಾದರಿ ತೆಗೆಯುವ, ಮರುಪರೀಕ್ಷಿಸುವ ಕ್ರಮವನ್ನು ಪಾಠದಿಂದ ಹೊರತೆಗೆದು, ಪರೀಕ್ಷೆಯ ಮೇಜಿನೆದುರು ಗೋಡೆಗೆ ಅಂಟಿಸುವ ಒಂದು ಕಾರ್ಡಾಗಿ ಮಾಡಿದೆ, ಏಕೆಂದರೆ ಅದು ನೆನಪಿನಲ್ಲಿರುವುದಕ್ಕಿಂತ ಕಣ್ಣೆದುರಿರುವುದು ಮುಖ್ಯ.

ಸನ್ನಿವೇಶ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಪಾಠದಲ್ಲಿ ಇಲ್ಲದ್ದನ್ನು ತೋರಿಸಿಕೊಡುತ್ತದೆ. ಪರೀಕ್ಷಕಿಗೆ ಆ ಘಳಿಗೆಯಲ್ಲಿ ಬೇಕಾದದ್ದು ಹೆಚ್ಚಿನ ರಸಾಯನಶಾಸ್ತ್ರವಲ್ಲ, ದೊಡ್ಡಪ್ಪನಿಗೆ ಹೇಳಲು ಒಂದು ಮಾತು. “ದೊಡ್ಡಪ್ಪ, ಎರಡು ನಿಮಿಷ ಇರಿ, ನಿಮ್ಮೆದುರೇ ಇನ್ನೊಂದ್ಸಲ ನೋಡೋಣ. ಇವತ್ತು ಕರು ಬಿಟ್ಟಿದ್ರಾ?” ಇಷ್ಟನ್ನು ಮರ್ಯಾದೆ ಕೆಡದಂತೆ, ದನಿ ನಡುಗದಂತೆ ಹೇಳುವ ಅಭ್ಯಾಸಕ್ಕೆ ಈಗ ನಲವತ್ತು ನಿಮಿಷ ಇಟ್ಟಿದ್ದೇನೆ. ಇಬ್ಬಿಬ್ಬರಾಗಿ ನಿಂತು, ಒಬ್ಬರು ದೊಡ್ಡಪ್ಪನಾಗಿ, ಇನ್ನೊಬ್ಬರು ಪರೀಕ್ಷಕಿಯಾಗಿ. ದೊಡ್ಡಪ್ಪನ ಪಾತ್ರ ವಹಿಸಿದವರು ನನ್ನ ಬರಹಕ್ಕಿಂತ ಹತ್ತು ಪಾಲು ಗಟ್ಟಿಯಾದ ಮಾತುಗಳನ್ನು ಆಡುತ್ತಾರೆ, ಅವುಗಳಲ್ಲಿ ಕೆಲವನ್ನು ನಾನು ಮುಂದಿನ ಆವೃತ್ತಿಗೆ ಎತ್ತಿಕೊಳ್ಳುತ್ತೇನೆ.

ಒಂದೇ ಸನ್ನಿವೇಶದಿಂದ ಹಲವನ್ನು ಪಡೆಯಲು, ಎಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಬೇಕು. ಹಸು ಕರು ಹಾಕಿ ಮೂರೇ ದಿನವಾಗಿದ್ದು ಗಿಣ್ಣು ಹಾಲನ್ನು ಬೆರೆಸಿ ತಂದಿದ್ದರೆ? ಕೆಚ್ಚಲು ಬಾವಿಗೆ ನಿನ್ನೆಯಷ್ಟೇ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡಿಸಿದ್ದು ಪರೀಕ್ಷಕಿಗೆ ಗೊತ್ತಿದ್ದರೆ? ಈ ಎರಡನೆಯದರಲ್ಲಿ ಮೇಜಿನ ಮೇಲಿರುವ ಯಾವ ಅಂಕಿಯೂ ಏನನ್ನೂ ತೋರಿಸುವುದಿಲ್ಲ. ಔಷಧದ ಅಂಶ ಜಿಡ್ಡಿನಲ್ಲಾಗಲಿ ಲ್ಯಾಕ್ಟೋಮೀಟರಿನಲ್ಲಾಗಲಿ ಕಾಣುವಂಥದ್ದಲ್ಲ. ನಿರ್ಧಾರ ಪೂರ್ತಿ ಆಕೆಯ ಮೇಲೆಯೇ ನಿಲ್ಲುತ್ತದೆ.

ತಜ್ಞರ ‘ನೋಡಿದರೆ ಗೊತ್ತಾಗುತ್ತೆ’

ವಿಷಯ ತಜ್ಞರಿಂದ ಮಾಹಿತಿ ಪಡೆಯುವಾಗಲೂ ಸನ್ನಿವೇಶವೇ ಒಳ್ಳೆಯ ಸಲಕರಣೆ. ಶಿಡ್ಲಘಟ್ಟದ ಕಡೆ ಹೊಸದಾಗಿ ರೇಷ್ಮೆ ಹುಳು ಸಾಕುವವರಿಗೆ ಕೈಪಿಡಿ ಬರೆಯುವಾಗ ಇದು ಚೆನ್ನಾಗಿ ಮನದಟ್ಟಾಯಿತು. ಹುಳು ತನ್ನ ಜೀವನದಲ್ಲಿ ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಬೇಕು, ಅದಕ್ಕಾಗಿ ಸುಣ್ಣದ ಪುಡಿ ಉದುರಿಸುತ್ತಾರೆ. ಇದೆಲ್ಲ ಎಲ್ಲ ಕೈಪಿಡಿಗಳಲ್ಲಿಯೂ ಇದೆ. ಜ್ವರ ಎದ್ದ ಮೇಲೆ ಸೊಪ್ಪು ಯಾವಾಗ ಹಾಕಬೇಕೆಂದು ಅನುಭವಿ ರೈತರೊಬ್ಬರನ್ನು ಕೇಳಿದರೆ “ನೋಡಿದರೆ ಗೊತ್ತಾಗುತ್ತೆ” ಎಂದಷ್ಟೇ ಅಂದರು.

ಆಗ ಸನ್ನಿವೇಶವನ್ನೇ ಮುಂದಿಟ್ಟೆ: “ಬೆಳಿಗ್ಗೆ ಎಂಟು. ಹತ್ತರಲ್ಲಿ ಏಳು ಹುಳು ಎದ್ದು ಓಡಾಡುತ್ತಿವೆ, ಮೂರು ಇನ್ನೂ ಕೂತಿವೆ. ಕಡಿದು ತಂದ ಸೊಪ್ಪು ಬಾಡುತ್ತಿದೆ. ಈಗ ಹಾಕ್ತೀರಾ, ಕಾಯ್ತೀರಾ?” ಅವರು ತಕ್ಷಣ “ಕಾಯಬೇಕು” ಎಂದರು. ಯಾಕೆ ಎಂದರೆ, ಈಗ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಕೂತವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ, ಕೊನೆಗೆ ಒಂದೇ ತಟ್ಟೆಯಲ್ಲಿ ಎರಡು ಗಾತ್ರದ ಹುಳುಗಳಾಗಿ, ಹಣ್ಣಾಗುವುದೂ, ಅಂದರೆ ಗೂಡು ಕಟ್ಟಲು ಸಿದ್ಧವಾಗುವುದೂ, ಒಟ್ಟಿಗೆ ಆಗುವುದಿಲ್ಲ ಎಂದರು. ನೂರರಲ್ಲಿ ತೊಂಬತ್ತೈದರಷ್ಟು ಏಳುವವರೆಗೆ ಕಾಯಬೇಕೆಂಬ ಶಿಫಾರಸಿಗೆ ಅರ್ಥ ಬಂದದ್ದು ಆಗಲೇ. ಎದ್ದದ್ದೆಂದು ಹೇಗೆ ತಿಳಿಯುತ್ತೀರಿ ಎಂದು ಮತ್ತೆ ಕೆದಕಿದಾಗ, ಜ್ವರದಲ್ಲಿರುವ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಮೈ ಬಿಗಿಯಾಗಿ ಹೊಳೆಯುತ್ತದೆ; ಎದ್ದ ಹುಳುವಿನ ತಲೆ ದೊಡ್ಡದಾಗಿ, ಮೈ ಸಡಿಲವಾಗಿ ಕಾಣುತ್ತದೆ, ಸೊಪ್ಪಿಗಾಗಿ ತಲೆ ಆಡಿಸುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಅದೇ ಕೈಪಿಡಿಯ ಮುಖ್ಯ ಪುಟವಾಯಿತು.

ಎಲ್ಲಿ ಬಳಸಬಾರದು

ಸನ್ನಿವೇಶದ ಹುಚ್ಚು ಹಿಡಿದವರು ಎಲ್ಲವನ್ನೂ ಸನ್ನಿವೇಶ ಮಾಡಲು ಹೊರಡುತ್ತಾರೆ. ನಾನೂ ಒಂದೆರಡು ವರ್ಷ ಹಾಗೆ ಮಾಡಿದ್ದೇನೆ. ಗರ್ಬರ್ ವಿಧಾನದಲ್ಲಿ ಜಿಡ್ಡು ಅಳೆಯುವಾಗ ನಳಿಕೆಗೆ ಮೊದಲು 10 ಮಿಲಿಲೀಟರ್ ಗಂಧಕಾಮ್ಲ, ಆಮೇಲೆ 10.75 ಮಿಲಿಲೀಟರ್ ಹಾಲು, ಆಮೇಲೆ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಹಾಕಬೇಕು. ಇಲ್ಲಿ “ನೀವೇನು ಮಾಡುತ್ತೀರಿ?” ಎಂದು ಕೇಳುವುದು ಅಪಾಯಕಾರಿ. ತಪ್ಪಿ ಕಲಿಯುವ ವಿಷಯ ಇದಲ್ಲ. ಮಾಡಿ ತೋರಿಸಿ, ಜೊತೆಗೆ ನಿಂತು ಮಾಡಿಸಿ, ಹತ್ತು ಬಾರಿ ಮಾಡಿಸಬೇಕು. ಹಾಗೆಯೇ, ತೀರಾ ಹೊಸಬರಿಗೆ ಮೊದಲ ಗಂಟೆಯಲ್ಲೇ ತೊಡಕಿನ ಸನ್ನಿವೇಶ ಕೊಟ್ಟರೆ ಅವರು ಕಂಗಾಲಾಗುತ್ತಾರೆ. ಒಂದು ಸರಳ ಪ್ರಕರಣವನ್ನು ತರಬೇತುದಾರರೇ ಗಟ್ಟಿಯಾಗಿ ಯೋಚಿಸುತ್ತ ಬಿಡಿಸಿ ತೋರಿಸಿದ ಮೇಲೆ ಮಾತ್ರ ಅವರ ಕೈಗೆ ಕೊಡಬೇಕು.

ಪ್ರಯೋಗ ಮತ್ತು ತಿದ್ದುಪಡಿ

ಬರೆದದ್ದನ್ನು ಶಿಬಿರಕ್ಕೆ ಒಯ್ಯುವ ಮೊದಲು ಮೂರು ನಾಲ್ಕು ಜನರ ಮೇಲೆ ಪ್ರಯೋಗಿಸಬೇಕು, ಅವರಲ್ಲಿ ಒಬ್ಬರಾದರೂ ಆ ಕೆಲಸವನ್ನು ದಿನವೂ ಮಾಡುವವರಾಗಿರಬೇಕು. ಎಲ್ಲರೂ ಅರೆಕ್ಷಣದಲ್ಲಿ ಒಂದೇ ಉತ್ತರ ಕೊಟ್ಟರೆ ಅದರಲ್ಲಿ ನಿರ್ಧಾರವೇ ಇಲ್ಲವೆಂದು ತಿಳಿಯಬೇಕು. “ಹಂಗೆಲ್ಲ ಆಗಲ್ಲ ಬಿಡಿ ಸಾರ್” ಎಂದರೆ ಹೊತ್ತು, ಮಾತು ಅಥವಾ ಅಂಕಿ ಎಲ್ಲೋ ತಪ್ಪಿದೆ. “ಇದು ನಮ್ಮೂರಿನ ಇಂಥವರ ಕಥೆಯಲ್ಲವೇ?” ಎಂದು ಯಾರಾದರೂ ನಕ್ಕರೆ ಆ ಬರಹವನ್ನು ಅಲ್ಲಿಗೇ ನಿಲ್ಲಿಸಿ, ಊರು, ಸಂಬಂಧ, ಹಾಲಿನ ಪ್ರಮಾಣ ಎಲ್ಲವನ್ನೂ ಬದಲಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಎರಡು ಸುಳಿವು ಸಿಕ್ಕರೆ ಮನುಷ್ಯನ ಮನೆ ಬಾಗಿಲು ಗುರುತು ಸಿಗುತ್ತದೆ, ನಂಬಿ ಹೇಳಿದವರಿಗೆ ಅದರಿಂದ ತೊಂದರೆಯಾಗುತ್ತದೆ.

ತರಬೇತಿಯ ಫಲ ತಿಳಿಯಲು ಕೊನೆಯ ಲಿಖಿತ ಪರೀಕ್ಷೆಯನ್ನು ನಾನು ಕೈಬಿಟ್ಟಿದ್ದೇನೆ. ತಿಂಗಳಾದ ಮೇಲೆ, ಮುಂಚೆ ತಿಳಿಸದೆ, ಎರಡು ಮೂರು ಡೇರಿಗಳಿಗೆ ಹೋಗಿ ಬೆಳಗಿನ ಸಾಲಿನ ಪಕ್ಕದಲ್ಲಿ ನಿಂತು, ಹತ್ತು ಕ್ಯಾನುಗಳಲ್ಲಿ ಎಷ್ಟನ್ನು ಕಲಕಿದರು, ಅನುಮಾನ ಬಂದಾಗ ಏನೆಂದರು ಎಂದು ಬರೆದುಕೊಂಡು ಬರುತ್ತೇನೆ. ಹೊಸ ಸನ್ನಿವೇಶಗಳೂ ಅಲ್ಲಿಯೇ ಸಿಗುತ್ತವೆ. ಈಚೆಗೆ ಹೋದ ಕಡೆ ಅಂಕಿಗಳನ್ನು ತಾನೇ ಬರೆದು ಚೀಟಿ ಮುದ್ರಿಸುವ ಯಂತ್ರ ಬಂದಿತ್ತು. ದೊಡ್ಡಪ್ಪ “ದಿನಾ ಬರೋದೇ ಬರಕೋ” ಎನ್ನುವ ಮಾತು ಅಲ್ಲಿಗೆ ಹಳತಾಯಿತು. ಆದರೆ ಯಂತ್ರದ ಕೊಳವೆಯನ್ನು ಆ ದಿನ ತೊಳೆದಿರಲಿಲ್ಲ, ಮೊದಲ ನಾಲ್ಕು ಜನರ ಚೀಟಿ ಮುದ್ರಣವಾಗಿ ಕೈ ಸೇರಿದ ಮೇಲೆ ಅದು ಪರೀಕ್ಷಕಿಯ ಗಮನಕ್ಕೆ ಬಂತು. ಆ ನಾಲ್ವರನ್ನು ಕೂಗಿ ಕರೆಯಬೇಕೋ ಬೇಡವೋ ಎಂದು ಆಕೆ ಬಾಗಿಲ ಕಡೆ ನೋಡುತ್ತ ಒಂದು ಕ್ಷಣ ನಿಂತಳು. ಮುಂದಿನ ಶಿಬಿರದ ಮೊದಲ ಸನ್ನಿವೇಶ ಅಲ್ಲಿಂದ ಶುರುವಾಗುತ್ತದೆ.